ಕ್ಲೈವ್ ಸ್ವಂತ ಮೀಟರು ಕೊಂಡದ್ದು

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ! ಆದರೆ ನಲವತ್ತು ಡಾಲರಿನ ಒಂದು ಮಲ್ಟಿಮೀಟರಿನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಮ್ಮ ಬರ್ನಿ ಊರಿನಲ್ಲಿ ಗ್ಲೆನಿಸ್ ಒಬ್ಬಳೇ ಇರಬೇಕು.

ಕಾಗದದ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತಳಾದ ಹೆಂಗಸು. ಕಾರಿನ ಹಿಂದೆ ಕ್ಯಾರವಾನ್ ಗಾಡಿ ಕಟ್ಟಿಕೊಂಡು ಕ್ವೀನ್ಸ್‌ಲ್ಯಾಂಡ್ ನೋಡಲು ಹೋದ ಗಂಡ ಅಲ್ಲೇ ಇನ್ನೊಬ್ಬಳ ಜೊತೆ ಮನೆ ಹೂಡಿದ. ಹೋಗಬೇಡ ಎಂದು ಇವಳು ಕೇಳಲಿಲ್ಲ, ವಾಪಸ್ ಬಾ ಎಂದೂ ಕೇಳಲಿಲ್ಲ. ನೇರವಾಗಿ ಊರಿನ ಶೆಡ್ಡಿಗೆ ಬಂದು ಕಿಟಕಿ ಪಕ್ಕದ ಬೆಂಚು ಹಿಡಿದಳು. ಗುರುವಾರ ಬೆಳಿಗ್ಗೆ ನಾವು ನಿವೃತ್ತರೆಲ್ಲ ಸೇರಿ ಹಳೇ ರೇಡಿಯೊ ಬಿಚ್ಚಿ, ಹೊಸ ದೀಪ ಕಟ್ಟಿ, ಚಹಾ ಕುಡಿದು, ಊರವರನ್ನೆಲ್ಲ ಆಡಿಕೊಂಡು ಮನೆಗೆ ಹೋಗುವ ಜಾಗ ಅದು. ಗ್ಲೆನಿಸಳ ಮೀಟರು ಭಾರಿ ದುಬಾರಿಯದು. ತಂತಿ ಎಲ್ಲಿ ಕಡಿದಿದೆ, ಬ್ಯಾಟರಿಯಲ್ಲಿ ಜೀವ ಎಷ್ಟಿದೆ ಎಂದು ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳುತ್ತಿತ್ತು. ಅದನ್ನು ಮುಟ್ಟಲು ಅವಳು ಬಿಡುತ್ತಿದ್ದುದು ಕ್ಲೈವ್ ಒಬ್ಬನನ್ನೇ.

ಕ್ಲೈವ್ ಅಂಚೆ ಹಂಚುತ್ತಿದ್ದವನು, ಹೆಂಡತಿ ತೀರಿಕೊಂಡಿದ್ದಳು. ಬೆಳಕು ಹರಿದರೆ ತಾನಾಗಿ ತೆರೆಯುವ ಕೋಳಿಗೂಡಿನ ಬಾಗಿಲು ಮಾಡುವ ಹುಚ್ಚು ಅವನಿಗೆ. ಗುರುವಾರವಿಡೀ ಐದೈದು ನಿಮಿಷಕ್ಕೆ ಬಂದು, “ಗ್ಲೆನ್, ಸ್ವಲ್ಪ ಮೀಟರು ಕೊಡ್ತೀಯಾ?” ಎನ್ನುತ್ತಿದ್ದ. ಅವಳು “ಮತ್ತೆ ಬಂದ್ಯಾ ಮಹರಾಯ!” ಎಂದು ಗೊಣಗುತ್ತಲೇ ಕೊಡುತ್ತಿದ್ದಳು. ಅವನು ಅಲ್ಲೇ ಅರೆಬರೆ ಕೂತು ಎರಡು ಮಾತಾಡಿ ಹೋಗುತ್ತಿದ್ದ. ಆ ಎರಡು ಮಾತಿಗಾಗಿ ಗ್ಲೆನಿಸ್ ಬುಧವಾರವೇ ಲ್ಯಾಮಿಂಗ್ಟನ್ ಕೇಕು ಮಾಡಿಡುತ್ತಿದ್ದಳು, ಎಲ್ಲರಿಗೂ ಮಾಡಿದ್ದೇನೋ ಎಂಬಂತೆ.

ಚಳಿಗಾಲ ಶುರುವಾದಾಗ ಕ್ಲೈವ್ ಕೇಳಿದ: “ನಂದೇ ಒಂದು ಅಗ್ಗದ ಮೀಟರು ತಗೋಬೇಕು ಗ್ಲೆನ್. ಯಾವ್ದು ತಗೊಳ್ಳಲಿ?”

ಗ್ಲೆನಿಸಳಿಗೆ ಹೊಳೆದದ್ದು ಒಂದೇ. ಮೀಟರು ಬಂದರೆ ಇವನು ಇತ್ತ ತಲೆ ಹಾಕುವುದುಂಟೇ?

ಅಲ್ಲಿಂದ ಶುರುವಾಯಿತು ನೋಡಿ ಅವಳ ತಕರಾರು. ಅವನು ಫೋನಿನಲ್ಲಿ ತೋರಿಸಿದ ಮೀಟರೆಲ್ಲ ಕೆಟ್ಟದ್ದೇ. “ಇದ್ರಲ್ಲಿ ಸರಿಯಾದ ಫ್ಯೂಸೇ ಇಲ್ಲ, ಕೈ ಸುಟ್ಕೋತೀಯ.” ಆ ಮಾತು ನಿಜವೇ ಇತ್ತು. ಆಮೇಲಿನವು ಬರೀ ನೆಪ. “ತಂತಿ ಸರಿ ಇದೆ ಅಂತ ಇದು ಬೀಪ್ ಅನ್ನೋಷ್ಟರಲ್ಲಿ ನಿನ್ ಕೋಳಿ ಮೊಟ್ಟೆ ಇಟ್ಟಿರುತ್ತೆ.” “ಇದ್ರ ಬಣ್ಣ ನೋಡು, ಥೂ.” ಅವನ ಕೆಲಸಕ್ಕೆ ಹೇಳಿ ಮಾಡಿಸಿದಂಥ, ಒಳ್ಳೆಯ ಫ್ಯೂಸಿನ, ನಲವತ್ತು ಡಾಲರಿನ ಮೀಟರೊಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಹತ್ತಿರದ ಡೆವನ್‌ಪೋರ್ಟ್ ಊರಿನಿಂದ ರೇಲಿನ್ ಎಂಬವಳು ಬಂದು ಶೆಡ್ಡು ಸೇರಿದಳು. ದೊಡ್ಡ ನಗು, ದೊಡ್ಡ ಕಿವಿಯೋಲೆ, ಶೆಡ್ಡಿನ ಎಲ್ಲರನ್ನೂ ಬಂದ ದಿನವೇ ಹೆಸರು ಹಿಡಿದು ಕರೆದವಳು. ಯಾವ ಮೀಟರು ಕೊಳ್ಳಲಿ ಎಂದು ಕ್ಲೈವ್ ಅವಳನ್ನು ಕೇಳಿದ. ಅವಳು ಚಹಾ ಕಲಕುತ್ತಲೇ ಅದೇ ಮೀಟರಿನ ಹೆಸರು ಹೇಳಿಬಿಟ್ಟಳು. ಮುಂದಿನ ಗುರುವಾರ ಅದು ಅವನ ಕೈಯಲ್ಲಿತ್ತು, ಅವನು ರೇಲಿನ್ ಬೆಂಚಿನಲ್ಲಿದ್ದ.

ಗ್ಲೆನಿಸಳಿಗೆ ಮೈಯೆಲ್ಲ ಉರಿಯಿತು. ಆ ಕಡೆಯಿಂದ ನಗು ಕೇಳಿದಾಗಲೆಲ್ಲ ಹಲ್ಲು ಕಚ್ಚಿದಳು. ರೇಲಿನಳ ಕಿವಿಯೋಲೆ ಕಂಡರೆ ಕಿತ್ತೆಸೆಯುವಷ್ಟು ಸಿಟ್ಟು. ಮೂರು ವಾರ ಲ್ಯಾಮಿಂಗ್ಟನ್ ಮಾಡಲಿಲ್ಲ. ನಾಲ್ಕನೆಯ ವಾರ ತಡೆಯಲಾರದೆ ಆ ಬೆಂಚಿಗೆ ಹೋಗಿ ಕ್ಲೈವ್ ಎದುರು ಕೈಚಾಚಿದಳು: “ಕೊಡಿಲ್ಲಿ ನೋಡೋಣ, ಆ ಮಹಾ ಮೀಟರು.”

ತನ್ನ ಬೆಂಚಿಗೆ ತಂದು ಬ್ಯಾಟರಿ ಅಳೆದಳು, ತಂತಿ ಅಳೆದಳು, ಹಿಂಬದಿ ಬಿಚ್ಚಿ ಫ್ಯೂಸು ನೋಡಿದಳು. ಅಂಕಿಗಳು ಅವಳ ದುಬಾರಿ ಮೀಟರಿನವೇ. ಒಂದು ಕುಂದೂ ಸಿಗಲಿಲ್ಲ ಹಾಳಾದ್ದು! ಹಿಂದೆಯೇ ಬಂದ ಕ್ಲೈವ್ ನಿಂತೇ ಇದ್ದ.

“ಹೆಂಗಿದೆ ಗ್ಲೆನ್?”

“ಚೆನ್ನಾಗಿದೆ.” ಸ್ಕ್ರೂ ಬಿಗಿಯುತ್ತಾ ತಲೆ ಎತ್ತದೆ ಹೇಳಿದಳು: “ನಂಗೆ ಮೊದಲೇ ಗೊತ್ತಿತ್ತು. ಬೇಕೂಂತ್ಲೇ ಹೇಳಲಿಲ್ಲ. ನಿಂಗೆ ಮೀಟರು ಬಂದ್ರೆ ನನ್ ಹತ್ರ ಬರಲ್ಲ ಅಂತ.”

ಕ್ಲೈವ್ ಬೆಂಚಿಗೆ ಕೈಯೂರಿದ.

“ನಾನೋ, ನಿಂಗೆ ನನ್ನಿಂದ ಕಿರಿಕಿರಿ ಅಂದ್ಕೊಂಡು ಮೀಟರು ತಗೋಬೇಕೂಂತ ಹೊರಟಿದ್ದು. ಬಂದಾಗೆಲ್ಲ ಗೊಣಗ್ತಿದ್ದೆಯಲ್ಲ! ಬಾ, ಕೂತ್ಕೋ ಅಂತ ಒಂದು ದಿನ ಅಂದಿದ್ಯಾ ನೀನು? ಅವಳು ಅಂತಾಳೆ. ಅದಕ್ಕೇ ಅಲ್ಲಿ ಕೂತ್ಕೋತೀನಿ.”

ಅಷ್ಟರಲ್ಲಿ ರೇಲಿನ್ ಕೂಗಿದಳು: “ಕ್ಲೈವ್, ಬಾರಪ್ಪಾ, ನಿನ್ ಚಹಾ ಆರ್ತಿದೆ!”

ಅವನು ಮೀಟರು ಎತ್ತಿಕೊಂಡ. ಗ್ಲೆನಿಸ್ ಎದ್ದುನಿಂತಳು. ಮುಖ ಕೆಂಪಾಗಿತ್ತು.

“ಕ್ಲೈವ್, ಇಲ್ಲೇ ಕೂತ್ಕೋ. ಚಹಾನೂ ಇಲ್ಲಿಗೇ ತಗೊಂಡು ಬಾ.”

ಶೆಡ್ಡಿನಲ್ಲಿ ಎಲ್ಲರ ಕೈ ನಿಂತಿತು. ಕ್ಲೈವ್ ಆ ಬೆಂಚು ನೋಡಿದ, ಈ ಬೆಂಚು ನೋಡಿದ.

“ಇವತ್ತು ಅವಳ ರೇಡಿಯೊ ಬಿಚ್ಚಿಟ್ಟಿದೀವಿ ಗ್ಲೆನ್. ಮುಂದಿನ ಗುರುವಾರ ಕರಿ, ಬರ್ತೀನಿ.”

“ಮತ್ತೆ ಕರೀಬೇಕಾ?”

“ಹೂಂ. ಮತ್ತೆ ಕರೀಬೇಕು.”

ಅವನು ಹೋಗಿ ರೇಲಿನ್ ಪಕ್ಕ ಕೂತ. ಗ್ಲೆನಿಸ್ ಅವನ ಬೆನ್ನನ್ನೇ ನೋಡುತ್ತಾ, ಮುಂದಿನ ಗುರುವಾರ ಏನೆಂದು ಕರೆಯುವುದು ಎಂದು ತುಟಿಯಲ್ಲೇ ಹೇಳಿಕೊಂಡು ನೋಡಿದಳು.