ದೊರೆಗಳ ಚರ್ಚಿನ ಒಂದೇ ಬಾಗಿಲು

ನಮ್ಮೂರಿನಲ್ಲಿ ಹೆಂಗಸಿನ ಪಾರ್ಟು ಹೆಂಗಸೇ ಮಾಡಬೇಕು ಎಂದು ಮೊದಲು ಹಟ ಹಿಡಿದವಳು ನಾನು. ಇಂದಿಗೂ ಅದಕ್ಕೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ಕೊಡಗು ಬೇರೆಯೇ ರಾಜ್ಯವಾಗಿದ್ದ ಕಾಲ. ಬಿಳಿ ದೊರೆಗಳು ತೋಟ ಮಾರಿ ಹೋದ ಮೇಲೆ ಅವರ ಪುಟ್ಟ ಚರ್ಚು ಪಾಳು ಬಿದ್ದಿತ್ತು. ಸುತ್ತಲಿನ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರುಗಳೂ ನಮ್ಮ ಶಾಲೆಯ ಮೇಷ್ಟ್ರುಗಳೂ ಸೇರಿ ಅದನ್ನು ಗುಡಿಸಿ ಸಾರಿಸಿ ನಾಟಕದ ಮನೆ ಮಾಡಿಕೊಂಡರು. ವೇದಿಕೆಗೆ ಹೇಳಿ ಮಾಡಿಸಿದಂಥ ಕಟ್ಟೆ ಒಳಗೇ ಇತ್ತು. ಆದರೆ ಪಕ್ಕದಲ್ಲಾಗಲಿ ಹಿಂದಾಗಲಿ ಬಾಗಿಲಿರಲಿಲ್ಲ. ಬಣ್ಣ ಹಚ್ಚಿಕೊಳ್ಳುವುದು ಹೊರಗಿನ ಶೆಡ್ಡಿನಲ್ಲಿ. ಅಲ್ಲಿಂದ ಮುಂಬಾಗಿಲಿಗೆ ಬಂದು, ಕೂತ ಜನರ ನಡುವಿನ ಓಣಿಯಲ್ಲಿ ನಡೆದೇ ವೇದಿಕೆ ಹತ್ತಬೇಕು.

ನಾನು ಆ ಶಾಲೆಯ ಟೀಚರು. ಮೀಸೆ ಬೋಳಿಸಿಕೊಂಡ ರೈಟರೊಬ್ಬರು ಸೀರೆಯುಟ್ಟು ಗೋಳಾಡುವುದನ್ನು ನೋಡಿ ನೋಡಿ ಸಾಕಾಗಿ, ಈ ಸಲ ತಾಯಿಯ ಪಾರ್ಟು ನನಗೆ ಕೊಡಿ ಎಂದೆ. ಸುದ್ದಿ ಮನೆ ಮುಟ್ಟಿತು. ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದ ಸೋದರಮಾವ ಕೆಂಡಾಮಂಡಲವಾದರು. ಹಾಸನದ ಕಡೆಯಿಂದ ಬಂದು ಇಲ್ಲಿ ಮಾನವಾಗಿ ಬಾಳಿದ ಮನೆತನ, ಮುಖಕ್ಕೆ ಬಣ್ಣ ಹಚ್ಚಿದರೆ ಎಲ್ಲರೆದುರೇ ರಟ್ಟೆ ಹಿಡಿದು ಎಳೆದು ತರುತ್ತೇನೆ ಎಂದರು. ಎಳೆಯಲಿ, ಅದನ್ನೂ ನೋಡೇಬಿಡೋಣ ಎಂದು ನಾನು ಅಮ್ಮನಿಗೆ ಹೇಳಿದೆ.

ನಾಟಕದ ಸಂಜೆ ಮಾವ ಬಂದೇ ಬಂದರು. ಓಣಿಯ ಅಂಚಿನಲ್ಲೇ ಜಾಗ ಹಿಡಿದರು. ನಾನು ಅರ್ಧ ದಾರಿ ನಡೆದಿರಬಹುದು, ಎದ್ದು ಅಡ್ಡ ನಿಂತರು. ಹಾರ್ಮೋನಿಯಂ ನಿಂತಿತು. ಹಿಂದಿರುಗಿಬಿಡೋಣ ಎನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಅಂದು ಹಿಂದಿರುಗಿದ್ದರೆ ನಾಟಕದವರು ಮತ್ತೆ ಯಾವ ಹೆಣ್ಣಿಗೂ ಪಾರ್ಟು ಕೊಡುತ್ತಿರಲಿಲ್ಲ.

"ಕೂತ್ಕಳಿ ಮಾವ," ಎಂದೆ, ಮಕ್ಕಳಿಗೆ ಹೇಳುವ ಅದೇ ಗಂಟಲಲ್ಲಿ. "ಹಿಂದ್ಗಡೆ ಇರೋರಿಗೆ ಕಾಣಲ್ಲ."

ಹಿಂದೆ ಇದ್ದವರು ಎಸ್ಟೇಟಿನ ಕೂಲಿ ಲೈನುಮನೆಗಳ ಹೆಂಗಸರು, ಹಗಲೆಲ್ಲ ಕಾಫಿ ಕುಯ್ದು ಬಂದವರು. ತಮಿಳು, ತುಳು, ಮಲಯಾಳ, ಯಾರ ಬಾಯಿಗೆ ಯಾವುದು ಬಂತೋ ಅದರಲ್ಲಿ, ಕೂರಿ ಕೂರಿ ಎಂದು ಗದ್ದಲವೆಬ್ಬಿಸಿದರು. ಮಾವ ಸುತ್ತ ನೋಡಿದರು. ಕೂತರು. ಅವರ ಮೊಣಕಾಲಿಗೆ ಸೆರಗು ಸವರಿಕೊಂಡೇ ನಾನು ಮುಂದೆ ಹೋದೆ.

ಮರುವರ್ಷ ನಾಟಕದವರು, ಹೆಂಗಸರು ಜನರ ನಡುವೆ ಹಾಯುವುದು ಬೇಡ, ವೇದಿಕೆಯ ಹಿಂದಿನ ಗೋಡೆ ಒಡೆದು ಬಾಗಿಲಿಡೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಗೋಡೆ ಮುಟ್ಟಿದರೆ ನಾನು ಪಾರ್ಟು ಮಾಡುವುದಿಲ್ಲ ಎಂದೆ. ಆ ಸಲ ನನ್ನ ಹಿಂದೆ ಇನ್ನಿಬ್ಬರು ಟೀಚರುಗಳು ಅದೇ ಓಣಿಯಲ್ಲಿ ನಡೆದು ಬಂದರು. ಮಾವ ಹಳೇ ಜಾಗದಲ್ಲೇ ಕೂತಿದ್ದರು, ದಾರಿಗೆ ಅಡ್ಡವಾಗದಂತೆ ಕಾಲು ಒಳಕ್ಕೆಳೆದುಕೊಂಡು.