ತಾರೀಖು ಬಿಡು, ತಿಥಿ ಕೇಳು

"ನಿಮ್ಮವ್ವಗ ಆ ಸರ್ಟಿಫಿಕೇಟು ಸಿಗೂದಿಲ್ಲ, ಬರದಿಟ್ಕೊ" ಅಂದವನು ನನ್ನ ಸೋದರಮಾವ ಬಸಣ್ಣ. "ನಮ್ಮವ್ವನ ಜಡ್ಡೇ ಅಕ್ಕಗೂ ಬಂದದ."

ಅವನ ಅವ್ವ ಅಂದರೆ ನನ್ನ ಅಜ್ಜಿ. ಕೊನೆಗಾಲಕ್ಕೆ ಹೆತ್ತ ಮಕ್ಕಳನ್ನೇ "ನೀವು ಯಾವೂರವ್ರಿ?" ಅಂತ ಕೇಳುತ್ತಿದ್ದಳು. ಆಲ್‌ಜೈಮರ್ ಎಂಬ ಹೆಸರು ಆಗ ನಮಗೆ ಗೊತ್ತಿರಲಿಲ್ಲ.

ಅವ್ವ ಪುಣೆಯ ಕೊಂಢವಾ ಬಡಾವಣೆಯ ಬಿಲ್ಡಿಂಗ್ ಸೈಟೊಂದರಲ್ಲಿ ಕೂಲಿಯವರ ಕೂಸುಗಳನ್ನು ನೋಡಿಕೊಳ್ಳುತ್ತಾಳೆ. ಈಚೆಗೆ ಎರಡು ಸಲ ಹಾಲನ್ನು ಒಲೆ ಮೇಲಿಟ್ಟು ಮರೆತಳು. ಒಮ್ಮೆ ಒಬ್ಬಳ ಕೂಸನ್ನು ಇನ್ನೊಬ್ಬಳ ಕೈಗೆ ಕೊಡಹೋದಳು. ಆ ಕೂಸುಗಳ ಕೇಂದ್ರ ನಡೆಸುವ ಮೇಡಂ ಖಡಕ್ಕಾಗಿ ಹೇಳಿದರು: ತಲೆ ಸರಿಯಿದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ತಂದರೆ ಕೆಲಸ, ಇಲ್ಲವಾದರೆ ಮನೆ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. (ಹಗಲು ಅಂಗಡಿ, ಸಂಜೆ ಕಾಲೇಜು. ಸುಮ್ಮನೆ ಬಂದದ್ದಲ್ಲ.) ಹಾಗಾಗಿ ಆಸ್ಪತ್ರೆ, ಫಾರ್ಮು, ಮರಾಠಿ ಎಲ್ಲ ನನ್ನ ಪಾಲಿಗೆ.

ಆಸ್ಪತ್ರೆಯ ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು, ನಾನು ಕನ್ನಡಕ್ಕೆ ತಂದೆ.

"ಇವತ್ತು ಎಷ್ಟನೇ ತಾರೀಖು?"

"ಗೊತ್ತಿಲ್ಲ."

"ನೂರರಾಗ ಏಳು ಕಳದ್ರ?"

ಅವ್ವ ಬೆರಳು ಮಡಚಿ ಎಣಿಸಹೋಗಿ ಬಿಟ್ಟಳು. ಗಡಿಯಾರ ಬರಿ ಅಂದಾಗ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದಳು. ಮೂರಕ್ಕೂ ಡಾಕ್ಟರ್ ಹಾಕಿದ್ದು ಸೊನ್ನೆ, ಸೊನ್ನೆ, ಸೊನ್ನೆ.

ಆಗ ಅವ್ವ ನನ್ನ ಕಡೆ ತಿರುಗಿದಳು. "ತಾರೀಖು ಏನ್ ಕೇಳ್ತಿ? ತಿಥಿ ಕೇಳು. ಇವತ್ತ ದಶಮಿ, ಮಂಗಳವಾರ. ನಾಳಿ ಏಕಾದಶಿ, ನಂದು ಒಪ್ಪತ್ತು. ನಿನ್ನೆ ಸೋಮವಾರದ್ದೂ ಒಪ್ಪತ್ತ ಆಗ್ಯದ. ಹೊಟ್ಟಿ ಹಸದದ, ಲಗೂ ಮುಗಸಂತ ಹೇಳು ಆಕಿಗೆ."

ಡಾಕ್ಟರ್ ಗೋಡೆಯ ಕ್ಯಾಲೆಂಡರ್ ನೋಡಿದರು. ದಶಮಿಯೇ.

ನಾವು ಅಳೆಯುತ್ತಿದ್ದುದು ಮರೆವನ್ನೋ, ಶಾಲೆಯನ್ನೋ? ಶಾಲೆಯ ಮೆಟ್ಟಿಲು ಹತ್ತದವಳಿಗೆ ಶಾಲೆಯ ಪ್ರಶ್ನೆ. ಪದವೀಧರೆಯಾದ ನನಗೇ ಅದು ಹೊಳೆಯಲಿಲ್ಲ.

ಡಾಕ್ಟರ್ ಆ ಹಾಳೆ ಬದಿಗಿಟ್ಟು, ಓದು ಬಾರದವರಿಗೆಂದೇ ಇರುವ ಬೇರೆ ಪರೀಕ್ಷೆ ಮಾಡಿದರು. ಅವ್ವ ಚೆನ್ನಾಗಿ ಪಾಸು. ರಕ್ತದ ರಿಪೋರ್ಟ್ ನೋಡಿದರೆ ಬಿ-ಟ್ವೆಲ್ವ್ ವಿಟಮಿನ್ ತಳ ಕಂಡಿತ್ತು. "ಇಂಜೆಕ್ಷನ್ನಿಗೆ ಹೋಗುವ ಮರೆವು ಇದು" ಅಂದರು.

ಆಮೇಲೆ ಅವರು ಒಪ್ಪತ್ತಿನ ಬಗ್ಗೆ ಕೇಳಿದರು. (ಪುಣೆಯ ಉಪವಾಸವೆಂದರೆ ತಟ್ಟೆ ತುಂಬ ಸಾಬುದಾಣಿ ಖಿಚಡಿ, ಮೇಲೆ ಶೇಂಗಾ ಲಾಡು. ಅವ್ವನ ಒಪ್ಪತ್ತೆಂದರೆ ದಿನಕ್ಕೆ ಒಂದೇ ಊಟ.) ಹೊಟ್ಟೆ ಖಾಲಿಯಿದ್ದಾಗ ದೇಹ ಕೊಬ್ಬು ಕರಗಿಸಿ ಮಿದುಳಿಗೆ ಬೇರೊಂದು ಇಂಧನ ಕೊಡುತ್ತದಂತೆ. ಅದು ಆಲ್‌ಜೈಮರ್ ತಡೆಯಬಹುದು ಎಂಬ ಆಸೆಯಿದೆ. ಆದರೆ ಹೆಚ್ಚಿನ ಪ್ರಯೋಗ ಆದದ್ದು ಇಲಿಗಳ ಮೇಲೆ. ನಡಿಗೆಯ ಮೇಲೆ ಅವರಿಗೆ ಹೆಚ್ಚು ನಂಬಿಕೆ. ನಮ್ಮ ಮನೆಯಿರುವ ಧನಕವಡಿಯಿಂದ ಸೈಟಿಗೆ ಅರ್ಧ ದಾರಿ ಅವ್ವ ನಡೆದೇ ಹೋಗುತ್ತಾಳೆ ಅಂದೆ. "ಬಿಡಿಸಬೇಡಿ. ಗ್ಯಾರಂಟಿ ಯಾರೂ ಕೊಡಲ್ಲ, ಆದರೆ ಬಿಡಿಸಬೇಡಿ" ಅಂದರು. ಒಪ್ಪತ್ತೂ ಇರಲಿ, ಆ ಒಂದು ಊಟದಲ್ಲಿ ಹಾಲು ಮೊಸರು ತಪ್ಪದಿರಲಿ. ಶುಗರ್ ಇರುವವರು ಮಾತ್ರ ಕೇಳದೆ ಹಸಿದು ಕೂರಬಾರದು.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವ್ವ ಅಂದಳು, "ಇಲಿಗೂ ಒಪ್ಪತ್ತ ಮಾಡಸ್ತಾರೇನು? ಪಾಪ."

ಮೂರು ತಿಂಗಳ ಇಂಜೆಕ್ಷನ್ ಆಯಿತು. ಮತ್ತೆ ಪರೀಕ್ಷೆ. ಡಾಕ್ಟರ್ ಸರ್ಟಿಫಿಕೇಟನ್ನು ನನ್ನ ಕೈಗಲ್ಲ, ಅವ್ವನ ಕೈಗೇ ಕೊಟ್ಟರು.

ಆ ಸಂಜೆ ಅವ್ವ ಅದನ್ನು ಬಸಣ್ಣ ಮಾವನ ಮುಂದೆ ಹಿಡಿದಳು. ಓದು ಬಾರದಿದ್ದರೂ ಅವನು ಬಹಳ ಹೊತ್ತು ನೋಡಿದ. ಅವ್ವ ಚಹಾ ಮಾಡಲು ಒಳಗೆ ಹೋದ ಮೇಲೆ ದನಿ ತಗ್ಗಿಸಿದ:

"ನನ್ನೂ ಆ ಡಾಕ್ಟರ್ ಹಂತ್ಯಾಕ ಕರ್ಕೊಂಡು ಹೋಗ್ತಿ ಏನವಾ? ಮೊನ್ನೆ ನಮ್ಮ ಮನಿ ಗಲ್ಲಿನೇ ಮರತು ದಾರಿ ತಪ್ಪಿದ್ದೆ."