ಮೈದುನ ಕೇಳದೆ ಬಿಟ್ಟ ತೂಕ

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನನ್ನ ಮೈದುನನಿಗೆ ಬಸರೀಕಟ್ಟೆಯಲ್ಲಿ ಜೀಪು ರಿಪೇರಿಯ ಸಣ್ಣ ಗ್ಯಾರೇಜಿತ್ತು. ಗೋಡೆ ತುಂಬ ರೇಸ್ ಕಾರಿನ ಚಿತ್ರಗಳು. ಅಂಗಳದಲ್ಲಿ ಮೂರು ಜೀಪು ಕಾಯುತ್ತಿದ್ದರೂ ಇವನು ಟಿವಿಯಲ್ಲಿ ರೇಸ್ ನೋಡುತ್ತ ಕೂತಿರುವುದು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಆ ಕಾರು ನಮ್ಮ ರಸ್ತೆಗೆ ಬಂದ್ರೆ ಮೊದಲನೇ ಹೊಂಡದಲ್ಲೇ ಸಂಸಾರ ಹೂಡ್ತದೆ ಮಾರಾಯ" ಎನ್ನುತ್ತಿದ್ದೆ.

ಅವನಿಗೆ ಬೇಜಾರೇ ಇಲ್ಲ. "ಅಲ್ಲ ಅತ್ತಿಗೆ, ಇಲ್ಲಿ ನೋಡಿ. ಸ್ಪ್ರಿಂಗು ಚಕ್ರದ ಹತ್ರ ಇದ್ರೆ ಗಾಳಿಗೆ ಅಡ್ಡ ಆಗ್ತದೆ ಅಂತ ಬಾಡಿ ಒಳಗೆ ಮಲಗಿಸಿದ್ದಾರೆ. ಹೊರಗಿರೋದು ಒಂದು ತೆಳ್ಳಗಿನ ಸರಳು ಮಾತ್ರ, ಪುಶ್‌ರಾಡ್ ಅಂತ. ಚಕ್ರ ಮೇಲೆದ್ರೆ ಅದು ಒಳಗೆ ತಳ್ತದೆ. ತುದಿಯಲ್ಲಿರೋ ಮೂರು ಮೂಲೆ ತುಂಡು ಪಿನ್ನಿನ ಮೇಲೆ ತಿರುಗಿ ಸ್ಪ್ರಿಂಗನ್ನ ಒತ್ತುತ್ತದೆ." ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ನಾನು ಎದ್ದು ಬಂದಿದ್ದೆ.

ಆ ವರ್ಷ ಮೂರನೇ ಸಲ ಬಸುರಾದೆ. ಹಿಂದಿನ ಎರಡೂ ಉಳಿದಿರಲಿಲ್ಲ. ಕೊಪ್ಪದ ಡಾಕ್ಟರಮ್ಮ, "ತಪಾಸಣೆ ತಪ್ಪಿಸಬೇಡಿ, ಆದರೆ ಜೀಪಿನಲ್ಲಿ ಕುಲುಕಿಸಿಕೊಂಡು ಬರಬೇಡಿ" ಎಂದರು. ಹಾರಿಕೊಂಡು ಬರಲೇ ಎಂದು ಬಾಯಿತುದಿಗೆ ಬಂದಿತ್ತು, ನುಂಗಿಕೊಂಡೆ. ಮನೆಗೆ ಬಂದು ಅದನ್ನೇ ಹೇಳಿಕೊಂಡು ಅತ್ತುಬಿಟ್ಟೆ. ಜಗಲಿಯಲ್ಲಿದ್ದ ಮೈದುನ ಕೇಳಿಸಿಕೊಂಡು, ಎದ್ದು ಗ್ಯಾರೇಜಿಗೆ ಹೋದ.

ವಾರದೊಳಗೆ ಜೀಪಿನ ಹಿಂಭಾಗದಲ್ಲಿ ನನಗೊಂದು ಸೀಟು ಮಾಡಿದ. ಅಡಿಯಲ್ಲಿ ಬೈಕಿನ ಸ್ಪ್ರಿಂಗು ಸುತ್ತಿದ ಶಾಕ್ ಅಬ್ಸಾರ್ಬರ್ ನಿಲ್ಲಿಸಿದರೆ ಸೀಟು ಎತ್ತರವಾಗಿ ನನ್ನ ತಲೆ ಟಾಪಿಗೆ ಬಡಿಯುತ್ತದೆ. ಅದಕ್ಕೇ ಅದನ್ನು ನೆಲಕ್ಕೆ ಮಲಗಿಸಿದ್ದ. ಸೀಟು ತಗ್ಗಿದರೆ ಸರಳು ತಳ್ಳಬೇಕು, ತುಂಡು ತಿರುಗಬೇಕು, ಮಲಗಿದ ಸ್ಪ್ರಿಂಗು ಕುಗ್ಗಬೇಕು. ಗೋಡೆ ಮೇಲಿದ್ದ ಚಿತ್ರ ಸೀಟಿನಡಿಗೆ ಬಂದಿತ್ತು.

ತಪಾಸಣೆಗೆ ಹೊರಟ ದಿನ ಅವನೇ ಜೀಪು ಓಡಿಸಿದ. ಗೇಟು ದಾಟುವುದರೊಳಗೆ ಗೊತ್ತಾಯಿತು, ಸೀಟು ಕಲ್ಲಿನ ಹಾಗಿದೆ. ಒಂದಿಂಚೂ ಕುಗ್ಗಲಿಲ್ಲ. ಹೊಟ್ಟೆ ಹಿಡಿದುಕೊಂಡು "ನಿಲ್ಸು" ಎಂದೆ. ಹೆದರಿಕೆಗೆ ಸಿಟ್ಟೂ ಬಂತು. "ಯಾರನ್ನ ಕೂರಿಸಿ ನೋಡಿದ್ಯೋ ಇದ್ರಲ್ಲಿ?"

"ಎರಡು ಮೂಟೆ ಕಾಫಿ ಇಟ್ಟು ನೋಡಿದೆ. ಕಮ್ಮಿ ಆಗಬಾರ್ದಲ್ಲ ಅಂತ."

ಮೂಟೆಗೆ ಐವತ್ತು ಕೆ.ಜಿ. ನಾನಿದ್ದದ್ದು ನಲವತ್ತಾರು. "ನನ್ನ ತೂಕ ಕೇಳೋಕೆ ಎಂತ ಧಾಡಿ ನಿಂಗೆ?"

"ಅತ್ತಿಗೆ ಹತ್ರ ತೂಕ ಎಷ್ಟು ಅಂತ ಹೇಗೆ ಕೇಳೋದು" ಎಂದ. ಕಿವಿ ಕೆಂಪಾಗಿತ್ತು. ಮುಂದೆ ಕೂತಿದ್ದ ನಮ್ಮವರು ಮುಖ ತಿರುಗಿಸಿ ರಸ್ತೆ ನೋಡತೊಡಗಿದರು.

ಅವನು ಸ್ಪ್ರಿಂಗು ಬದಲಿಸಲಿಲ್ಲ. ಆ ತಿರುಗುವ ತುಂಡಿಗೆ ಪಿನ್ನಿನಿಂದ ದೂರದಲ್ಲಿ ಇನ್ನೊಂದು ತೂತು ಕೊರೆದು, ಸರಳನ್ನು ಅಲ್ಲಿಗೆ ಸಿಕ್ಕಿಸಿದ. ಬಾಗಿಲನ್ನು ತಿರುಗಣೆ ಪಕ್ಕ ತಳ್ಳುವುದು ಕಷ್ಟ, ಚಿಲಕದ ಹತ್ತಿರ ಸುಲಭ, ಹಾಗೇ ಇದೂ ಅಂದ. ಆ ಮೇಲೆ ಹೊಂಡ ಬಂದದ್ದು ಕಣ್ಣಿಗೆ ಕಾಣುತ್ತಿತ್ತು, ಹೊಟ್ಟೆಗೆ ಗೊತ್ತಾಗುತ್ತಿರಲಿಲ್ಲ. ತಿಂಗಳು ತುಂಬುತ್ತ ಹೋದ ಹಾಗೆ ನನ್ನ ತೂಕವನ್ನು ನಾನೇ ಅಡುಗೆಮನೆಯಿಂದ ಕೂಗಿ ಹೇಳುತ್ತಿದ್ದೆ. ಭಾರಕ್ಕೆ ಸೀಟು ತೀರಾ ತಗ್ಗದ ಹಾಗೆ ಅವನು ಪಿನ್ನಿನ ಹತ್ತಿರಕ್ಕೆ ಮತ್ತೊಂದು ತೂತು ಕೊರೆಯುತ್ತಿದ್ದ. ರೇಸ್ ನೋಡುವಾಗ ಮತ್ತೆ ಬೈಯಲಿಲ್ಲ, ಕಾಫಿ ಕೊಟ್ಟೆ. ಇವತ್ತಿಗೂ ಅವನನ್ನು ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ.

ಮಗಳು ಕೊಪ್ಪದಲ್ಲೇ ಹುಟ್ಟಿದಳು. ವಾರ್ಡಿನ ಬಾಗಿಲಲ್ಲಿ ನಿಂತು ಅವಳನ್ನು ಕಣ್ತುಂಬ ನೋಡಿದ ಮೈದುನ, "ತೂಕ ಎಷ್ಟು ಅತ್ತಿಗೆ?" ಎಂದ.

"ಎರಡೂ ಮುಕ್ಕಾಲು."

"ಮಗೂದು ಮಾತ್ರ ಅಲ್ಲ. ಇಬ್ಬರದೂ ಸೇರಿ ಹೇಳಿ. ಮನೆಗೆ ಹೋಗೋಕೆ ತೂತು ಕೊರೀಬೇಕು."

ಅದೇ ಆಸ್ಪತ್ರೆಯಿಂದ ಎರಡು ಸಲ ಒಬ್ಬಳೇ ಮನೆಗೆ ಹೋದವಳು ನಾನು. ಇಬ್ಬರದೂ ಸೇರಿ ಎಷ್ಟೆಂದು, ಅಡುಗೆಮನೆಯಿಂದ ಕೂಗುತ್ತಿದ್ದ ಹಾಗೇ ಮಂಚದಿಂದ ಕೂಗಿ ಹೇಳಿದೆ.